ಬಲಗೈ, ಎಡಕಿವಿ

ಸೆಪ್ಟೆಂಬರಿನ ಮೊದಲ ಸೋಮವಾರ. ಬಾಗಿಲಿಗಡ್ಡ ಕುರ್ಚಿ ಹಾಕಿ
ಕೂತಿದ್ದೇನೆ. ಹುಟ್ಟಿದ ತಾರೀಕು ಯಾರ ಕೈಯಲ್ಲೂ ಇಲ್ಲ,
ಅದಕ್ಕೇ ಈ ಹಳೇ ಅಳತೆ:
ತಲೆಯ ಮೇಲಿಂದ ಬಲಗೈ ಹಾಯಿಸು, ಎಡಕಿವಿ ಮುಟ್ಟು.
ಮುಟ್ಟಿದರೆ ಆರು ವರ್ಷ.
ಮುಟ್ಟದಿದ್ದರೆ ಬರುವ ವರ್ಷ ಬಾ.

ಕತ್ತು ವಾಲಿಸಿ ಮುಟ್ಟುತ್ತಾರೆ ಕೆಲವರು.
ಹಿಂದೆ ನಿಂತ ಅಮ್ಮ ಕಿವಿಯನ್ನೇ ಮೇಲಕ್ಕೆಳೆದು
ಬೆರಳಿಗೆ ತಾಗಿಸುತ್ತಾಳೆ. ಅವಳ ಬೆನ್ನಿನ ಚಿಟೆಂಜೆ ಬಟ್ಟೆಯಲ್ಲಿ
ಮುಂದಿನದು ನಿದ್ದೆಹೋಗಿದೆ, ಹೊಟ್ಟೆಯಲ್ಲಿ
ಅದರ ಮುಂದಿನದು.
‘ಇವನನ್ನ ಇಟ್ಕೊ ಮೇಡಂ, ಮನೇಲಿ ಜಾಗ ಇಲ್ಲ.’
ಇಲ್ಲೆಲ್ಲಿದೆ ತಾಯಿ.

ಹಾಜರಿ ಪುಸ್ತಕದ ಪುಟಕ್ಕೆ ಗೆರೆ ಅರವತ್ತು.
ಒಂದು ಗೆರೆಗೆ ಎರಡು ಹೆಸರು ಬರೆದೆ, ಆಮೇಲೆ ಮೂರು,
ಆಮೇಲೆ ಅಂಚಿನಲ್ಲಿ, ಅಡ್ಡಡ್ಡ, ಇರುವೆ ಸಾಲಿನ ಹಾಗೆ.
ಇನ್ನೂರ ಹದಿನಾಲ್ಕು. ಒಂದನೇ ಕ್ಲಾಸು, ಒಬ್ಬಳೇ ಟೀಚರು,
ಒಂದು ಮಾವಿನ ಮರ.

ಫೀಸು ಇಲ್ಲ ಎಂದು ರೇಡಿಯೊ ಹೇಳಿದ ವರ್ಷ
ನಾನೂ ಈ ಮರದ ಕೆಳಗೆ ಕೂತವಳೇ,
ಒಂಬತ್ತರಲ್ಲಿ ಮೂರನೆಯವಳು. ಆಗ ಸಲೀಮಾ ರಸ್ತೆಯಿಂದ
ಕೆರೆಯಂಚಿನವರೆಗೆ ಎಣಿಸಿದರೆ ಎಂಬತ್ತು ಮನೆ.
ಊರು ಬೆಳೆದಷ್ಟು ಮರ ಬೆಳೆಯಲಿಲ್ಲ.
ನೆರಳು ಸರಿದಂತೆ ಕ್ಲಾಸೂ ಕುಂಡೆ ಎಳೆದುಕೊಂಡು ಸರಿಯುತ್ತದೆ,
ನಡುಮಧ್ಯಾಹ್ನ ನೆರಳು ಬುಡಕ್ಕೆ ಬಂದು ಮುದುಡಿದಾಗ
ನೂರು ಮಕ್ಕಳು ಬಿಸಿಲಲ್ಲೇ ‘ಅ’ ತಿದ್ದುತ್ತಾರೆ
ಮಣ್ಣಿನಲ್ಲಿ, ಬೆರಳಲ್ಲಿ.
ಗಾಳಿ ಬಂದರೆ ಹೋಮ್‌ವರ್ಕು ಮಾಯ.

ಅತ್ತ ಎಂಟನೇ ಕ್ಲಾಸಿಗೆ ಹೋಗಿ ನೋಡಿ.
ಸಿಮೆಂಟಿನ ಗೋಡೆ, ತಗಡಿನ ಸೂರು, ಹತ್ತೊಂಬತ್ತು ಮಕ್ಕಳು.
ಮಿಕ್ಕವರೆಲ್ಲಿ ಎಂದು ಕೇಳಬೇಡಿ, ಗೊತ್ತು:
ಮೀನು ಒಣಗಿಸುವ ತಟ್ಟಿಗಳ ಬಳಿ,
ತಂಬಾಕಿನ ತೋಟದಲ್ಲಿ,
ತಮ್ಮಂದಿರನ್ನು ಸೊಂಟಕ್ಕೇರಿಸಿಕೊಂಡು ಬಾವಿಯ ಸರದಿಯಲ್ಲಿ.
ಕೆಲವರು ನನ್ನ ಬಾಗಿಲಲ್ಲಿ ಮತ್ತೆ ಸಿಗುತ್ತಾರೆ,
ತಮ್ಮ ಮಗುವಿನ ಕಿವಿ ಎಳೆಯುತ್ತ.

ಹೇಳಬೇಕಾದದ್ದು ಇದಲ್ಲ. ಯಾಂಖೋ ವಿಷಯ.

ನಮ್ಮ ಮಾತಿನಲ್ಲಿ ಯಾಂಖೋ ಅಂದರೆ ಉತ್ತರ.
ದಿನಾ ಕರೆಯುತ್ತೇನೆ, ದಿನಾ ಉತ್ತರ ಬರುತ್ತದೆ.
ಒಂದು ಬುಧವಾರ ನಕ್ಕಳು, ಮುಂದಿನ ಹಲ್ಲೆರಡೂ ಇದ್ದವು.
ಸೋಮವಾರ ಇರಲಿಲ್ಲವಲ್ಲ!
ಶುಕ್ರವಾರದ ಯಾಂಖೋ ಒಂದು ಗೇಣು ಎತ್ತರ,
ಅದೇ ನೀಲಿ ಅಂಗಿ ಅವಳ ಮಂಡಿಗಿಂತ ಮೇಲೆ.
ಇನ್ನೂರು ಮುಖದ ನಡುವೆ ಇಷ್ಟು ಕಾಣಲು
ನನಗೆ ಎರಡು ತಿಂಗಳು ಬೇಕಾಯಿತು, ನಾಚಿಕೆಯಾಗುತ್ತದೆ.

ಒಂದು ಅಂಗಿ, ಒಂದು ನೋಟ್‌ಬುಕ್ಕು, ಗಂಜಿಗೆ ಒಂದು ಲೋಟ.
ಮೂವರು ಅಕ್ಕತಂಗಿಯರು. ಒಂದು ಹೆಸರು.
ನೋಟ್‌ಬುಕ್ಕು ತೆರೆದರೆ ಮೂರು ಕೈಬರಹ,
ಮಂಗಳವಾರದ ಲೆಕ್ಕಕ್ಕೆ ಗುರುವಾರದವಳು ಉತ್ತರ ಬರೆದಿದ್ದಾಳೆ,
ಸರಿಯಾಗಿಯೇ. ಸೋಮವಾರದ್ದನ್ನು ಬುಧವಾರಕ್ಕೆ
ರಾತ್ರಿ ಚಾಪೆಯ ಮೇಲೆ ಯಾರು ಹೇಳಿಕೊಟ್ಟರೋ,
ಅಂಥ ಟೀಚರು ಈ ಶಾಲೆಯಲ್ಲಿ ಇಲ್ಲ.

ನವೆಂಬರಿನಲ್ಲಿ ಜಿಲ್ಲೆಯಿಂದ ಕಲಿಂಬೂಕಾ ಸಾಹೇಬರು
ತಲೆ ಎಣಿಸಲು ಬಂದರು, ಮೋಟರ್‌ಸೈಕಲ್ಲಿನಲ್ಲಿ.
ಎಣಿಸಿದಷ್ಟು ತಲೆಗೆ ಬರುವ ವರ್ಷ ಪುಸ್ತಕವಂತೆ, ಬೆಂಚಂತೆ.
ಊರೆಲ್ಲ ಕೇಳಿಸಿಕೊಂಡಿತ್ತು. ಮೂವರೂ ಬಂದರು ಅವತ್ತು,
ಒಬ್ಬಳು ಅಂಗಿಯಲ್ಲಿ, ಇಬ್ಬರು ಅಮ್ಮನ ಬಟ್ಟೆ ಸುತ್ತಿ.
ಯಾಂಖೋ, ಎಂದೆ.
ಮೂರು ಕಡೆಯಿಂದ ಎದ್ದಿತು ಉತ್ತರ.

ಸಾಹೇಬರ ಪೆನ್ನು ನಿಂತಿತು. ‘ಯಾರು ಇವರಲ್ಲಿ?’
ಉಳಿದಿಬ್ಬರ ಹೆಸರು ಕೇಳಿ ಬರೆದೆ,
ಮ್ವಾಯಿ, ಎಕಾರಿ, ಗೆರೆ ಇಲ್ಲದ ಕಡೆ.
ಇನ್ನೂರ ಹದಿನಾರು.
‘ಕೊನೆಯವಳು ಚಿಕ್ಕವಳು,’ ಎಂದರು. ‘ಅಳತೆ ತೆಗೀರಿ.’

ಎಕಾರಿ ಕೈ ಎತ್ತಿದಳು. ನೆತ್ತಿ ದಾಟಿಸಿದಳು.
ತುದಿಗಾಲಲ್ಲಿ ನಿಂತಳು, ಅದರಿಂದೇನಾಗುತ್ತದೆ ಪಾಪ.
ಕಿವಿಗೂ ಬೆರಳಿಗೂ ನಡುವೆ
ಎರಡು ಬೆರಳಿನಷ್ಟು ಬಿಸಿಲು.
ನಾನು ಸಾಹೇಬರ ಕಣ್ಣಿಗೆ ಅಡ್ಡ ನಿಂತು
ಮುಟ್ಟಿತು, ಎಂದೆ.