ಹನ್ನೊಂದು ಮೈಲಿ

ಟೊಲೀಡೊದ ಶಾಲಾ ಬಸ್ಸಿನ ಚಾಲಕಿ ವರ್ನೀಟಾ
ಊಟದ ಬಿಡುವಿನಲ್ಲಿ ಸ್ಟೇರಿಂಗಿನ ಮೇಲೆ
ಕಾಗದ ಹರವಿ ಓದುತ್ತಾಳೆ:
ಆಂಬುಲೆನ್ಸ್, ಹನ್ನೊಂದು ಮೈಲಿ,
ಸಾವಿರದ ಎಂಟುನೂರ ನಲವತ್ತು ಡಾಲರ್.

ಆ ರಾತ್ರಿ ಮಗಳ ಎದೆ
ಸಿಳ್ಳೆ ಹಾಕುತ್ತಿತ್ತು. ದರ ಕೇಳುವ ಹೊತ್ತೇ ಅದು?

ಸಾಲ, ಸಂತೆಯ ಕುರಿಯಂತೆ ಮೂರು ಕೈ ದಾಟಿ,
ಈಗ ಡ್ವೇನ್ ಎಂಬವನು ಫೋನಿನಲ್ಲಿ
‘ಹಲೋ ವರ್ನಿ’ ಅನ್ನುತ್ತಾನೆ,
ಬಾಲ್ಯದ ಗೆಳೆಯನ ಹಾಗೆ.

ಹೊಸ ಬಾಡಿಗೆ ಮನೆಯೊಡತಿ
ಕ್ರೆಡಿಟ್ ವರದಿ ನೋಡಿ ತುಟಿ ಬಿಗಿದಳು.
ಐನೂರ ಎಪ್ಪತ್ತೊಂದು.
ಈಗ ಅವಳ ಹೆಸರೇ ಅದು.

‘ಲೆಕ್ಕ ಬರೆದು ಕಳಿಸಿ,’ ಅಂದಳು ಇವತ್ತು,
‘ಒಂದೊಂದು ಮೈಲಿಯದ್ದೂ.’
ಆ ಕಡೆ ಮೌನ.

ಆ ದಾರಿ ಅವಳ ಬಸ್ಸಿನದೇ, ದಿನಾ ಎರಡು ಸಲ.
ಆಸ್ಪತ್ರೆಗೆ ಆರೇ ಮೈಲಿ.