ಎಡಗಣ್ಣಿನ ಬೆಟ್ಟ

ಲಡ್ಲೋ ಊರಿನ ಪ್ಯಾರಿಷ್ ಹಾಲಿನಲ್ಲಿ, ಶನಿವಾರ ಹತ್ತಕ್ಕೆ,
ಗ್ವಿಲಿಮ್ ಪ್ರೈಸ್ ಬೆಟ್ಟ ಕಲಿಸುತ್ತಾರೆ.
"ಹಿಂದಿನಿಂದ ಶುರುಮಾಡಿ. ಕಟ್ಟಕಡೆಯ ಗುಡ್ಡ ಮೊದಲು.
ಅದಕ್ಕೆ ಆಕಾಶವನ್ನೇ ಒಂದಿಷ್ಟು ಕಲಸಿ,
ಅಂಚು ಒದ್ದೆಯಲ್ಲೇ ಬಿಡಿ. ಆರಲಿ. ಆಮೇಲೆ ಅದರ ಮುಂದಿನದು.
ಚೂಪು ಗೆರೆ ಬೇಲಿಗೆ ಮಾತ್ರ.
ಹತ್ತಿರ ಇರುವುದು ಗೀರಬೇಕು."

ಆರುವುದೆಂದರೆ ಇಲ್ಲಿನ ನವೆಂಬರಿನಲ್ಲಿ
ಎರಡು ಬಿಸ್ಕತ್ತು, ಒಂದು ಕಪ್ ಚಹಾ,
ಬ್ರೆಂಡಾಳ ಮಂಡಿನೋವಿನ ಪೂರ್ತಿ ವರದಿ.

ನಾನು ಇಂಡಿ ತಾಲ್ಲೂಕಿನ ಬಯಲಿನವಳು.
ನಮ್ಮಲ್ಲಿ ದೂರ ಅಂದರೆ ಒಂದು ಗೆರೆ,
ಅದರ ಮೇಲೊಂದು ಜಾಲಿ ಮರ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಿದ್ದಳು ಅವ್ವ,
ಬೆಟ್ಟ ಕಂಡವಳೇ ಅಲ್ಲ;
ಗಂಡಿನ ಕಡೆಯವರ ಬಗ್ಗೆ ಆ ಮಾತು ಬಳಸುತ್ತಿದ್ದಳು.
ಅದೊಂದು ಅಳತೆಯೆಂದು ತಿಳಿದದ್ದು ಇಲ್ಲಿ:
ಕೋಬಾಲ್ಟ್ ಎರಡು ಪಾಲು, ಕೆಮ್ಮಣ್ಣು ಕಾಲು, ಉಳಿದದ್ದು ನೀರು.

ವಾರದ ಮಿಕ್ಕ ದಿನ ಹೆರೆಫರ್ಡಿನಲ್ಲಿ ಕಣ್ಣು ಪರೀಕ್ಷಿಸುತ್ತೇನೆ.
ಅದಕ್ಕೇ ಮೊದಲು ಕಂಡದ್ದು ನನಗೆ:
ಮೇಷ್ಟ್ರ ಬಾಯಲ್ಲಿ ನೀಲಿ, ಕುಂಚದಲ್ಲಿ ಕಂದು.
ವರ್ಷದಿಂದ ವರ್ಷಕ್ಕೆ ಅವರ ಕ್ಲೀ ಬೆಟ್ಟ
ಒಂದೊಂದೇ ಹೆಜ್ಜೆ ಇಳಿದು, ಹೊಲ ದಾಟಿ,
ಬೇಲಿಗೆ ಮೈ ಒತ್ತಿ ನಿಂತಿದೆ
ಮೇವು ಕೇಳುವ ಎಮ್ಮೆಯ ಹಾಗೆ.
ಯಾರೂ ಹೇಳಲಿಲ್ಲ. "ಎಷ್ಟು ಬೆಚ್ಚಗಿದೆ" ಅಂದರು, ಕೊಂಡರು.

ನಾನು ಹೇಳಿದೆ. ಬಣ್ಣದ ಮಾತಲ್ಲ.
ಕುಂಚ ತೊಳೆಯುವಾಗ, ನಲ್ಲಿಯ ಸದ್ದಿನ ಮರೆಯಲ್ಲಿ:
"ಕಣ್ಣು ತೋರಿಸಿ ಎಷ್ಟು ದಿನವಾಯಿತು?"

ಮಾರ್ಚಿನಲ್ಲಿ ಎಡಗಣ್ಣಿನ ಪೊರೆ ತೆಗೆದರು.
ಬಲಗಣ್ಣಿನ ಸರದಿ ಇನ್ನೂ ಬಂದಿಲ್ಲ.

ಇವತ್ತು ಬಂದವರು ಪಾಠ ಶುರುಮಾಡಲಿಲ್ಲ.
ಕೋಟೂ ಬಿಚ್ಚದೆ ಕಿಟಕಿಯಲ್ಲಿ ನಿಂತು
ಒಂದು ಕಣ್ಣು ಮುಚ್ಚಿದರು, ತೆರೆದರು, ಇನ್ನೊಂದು ಮುಚ್ಚಿದರು.
ಬೆಟ್ಟ ಹೋಯಿತು, ಬಂತು.
ಹೋಯಿತು.
"ಅಷ್ಟು ದೂರವಿತ್ತೇ ಅದು?"
ನಮ್ಮ ಯಾರನ್ನೂ ಕೇಳಿದ್ದಲ್ಲ.
ಆಮೇಲೆ ಗೋಡೆಯತ್ತ ತಿರುಗಿ, ತೂಗುಹಾಕಿದ್ದ ತಮ್ಮ ಆರು ವರ್ಷಗಳನ್ನು
ಎಡಗಣ್ಣಿನಿಂದ ನೋಡಿದರು, ಒಂದೊಂದಾಗಿ,
ಚೌಕಟ್ಟಿನ ಸೊಟ್ಟವನ್ನೂ ಸರಿಪಡಿಸದೆ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಅನಿಸಿತು.
ಚಹಾದ ಕೆಟಲ್ ಕುದಿದು ತಾನೇ ಆರಿತು.

"ಬಲಗಣ್ಣಿಗೆ ಅವಸರವಿಲ್ಲ" ಅಂದರು ಕೊನೆಗೆ,
"ನಿಮ್ಮ ಆಸ್ಪತ್ರೆಯವರಿಗೆ ಹೇಳಿಬಿಡಿ."
ನನ್ನ ಹಾಳೆಯ ಮೇಲೆ ಬಗ್ಗಿದರು,
ಹಿಂದಿನ ಗುಡ್ಡದ ಅಂಚಿಗೆ ಬೆರಳ ಹಿಂಬದಿ ಸೋಕಿಸಿ:
"ಇದಿನ್ನೂ ಹಸಿ. ಮುಂದಿನದು ಈಗಲೇ ಬೇಡ."