ಎತ್ತಿಲ್ಲದ ಕಮಾನು

ಪೈಪು ಇಪ್ಪತ್ತಡಿ. ಜಾಗದ ಅಗಲ ಹನ್ನೆರಡು.
ಏಳನೇ ಕ್ಲಾಸಿನ ಲಿಖಿತ ಹುಣಸೆಕಡ್ಡಿಯಲ್ಲಿ
ಮಣ್ಣಿನ ಮೇಲೆ ಅರ್ಧ ಚಂದ್ರ ಬರೆದು
ಪೈ ಅಂದಳು, ಆರಡಿ ಅಂದಳು, ತುಟಿಯಲ್ಲೇ ಗುಣಿಸಿ
'ಹದಿನೆಂಟು ಮುಕ್ಕಾಲು, ಚೂರು ಜಾಸ್ತಿ. ಮಿಕ್ಕಿದ್ದು ವೇಸ್ಟು.'
ವೇಸ್ಟಲ್ಲ ಕಣೆ, ಅಂದರು ಅವಳಪ್ಪ,
ಮಿಕ್ಕಿದ್ದು ನೆಲಕ್ಕೆ.
ಕಂಬ ನೆಟ್ಟು ನೆಟ್ಟು ಬಲ್ಲ ಲೈನ್‌ಮನ್ನು;
ಮೇಲೆ ನಿಂತದ್ದಕ್ಕೆಲ್ಲ ಕೆಳಗೆ ಒಂದಿಷ್ಟು
ಕಾಣದ ಹಾಗೆ ಹೋಗಲೇಬೇಕು ಅನ್ನುವವರು.

ಕಿರುಗಾವಲಿಗೂ ನಾಲೆಗೂ ನಡುವೆ ನಮ್ಮದು ಹದಿನೆಂಟು ಗುಂಟೆ.
ಹದಿನೈದರಲ್ಲಿ ಭತ್ತ. ಉಳಿದ ಮೂರು ನನಗೆ,
ಬದನೆ, ಮೆಣಸು, ಟೊಮೆಟೊ ಸಸಿ ಮಾಡಿ
ಮಾರುತ್ತೇನೆಂದು ಹಟ ಹಿಡಿದದ್ದಕ್ಕೆ.
ಹೋದ ವರ್ಷ ಒಂದೇ ಆಲಿಕಲ್ಲು ಮಳೆ:
ನಾಲ್ಕು ಸಾವಿರ ಸಸಿ, ನಾಲ್ಕು ನಿಮಿಷ.
ರೆಡಿಮೇಡ್ ಮನೆಗೆ ಮಂಡ್ಯದಲ್ಲಿ ಹೇಳಿದ ರೇಟಿಗೆ
ಎರಡು ಹಸು ಬರುತ್ತಿದ್ದವು.
ಕೇಳಿ, ನೀರು ಕುಡಿದು, ಎದ್ದು ಬಂದೆವು.

ಮೊದಲ ಪೈಪು ಬಗ್ಗಿಸುವಾಗ ಮುರಿಯಿತು.
ಎರಡನೆಯದು ಮುರಿಯಲಿಲ್ಲ, ಕೈಜಾರಿ
ನನ್ನ ದವಡೆಗೆ ಬಡಿಯಿತು.
ಹದಿನೈದು ದಿನದಿಂದ ಮಾತು ಬಿಟ್ಟಿದ್ದ ಅತ್ತೆ
('ಗಿಡುಕ್ಕೂ ಮನೆಯಂತೆ! ನಾಳೀಕೆ ಕೋಳಿಗೆ ಮಂಚ!')
ಜಗಲಿಯಿಂದ ಎದ್ದು ಬಂದರು.
'ಬಿಸ್ಲಲ್ಲಿ ಮಡುಗ್ರೋ ಅದ ಒಂದ್ ಜಾವ.
ತಣ್ಗಿರದು ಯಾವ್ದ್ ತಾನೆ ಬಗ್ತದೆ?'
ಆಮೇಲೆ ಪೈಪಿನ ನಡುವನ್ನು ಮಂಡಿಗೆ ಕೊಟ್ಟು
ಆ ತುದಿಗೆ ಅವರನ್ನು, ಈ ತುದಿಗೆ ನನ್ನನ್ನು ನಿಲ್ಲಿಸಿ
'ಎಳೀಬ್ಯಾಡಿ. ಹತ್ರ ಬನ್ನಿ. ಅದೇ ಬಗ್ತದೆ.'

ಬಂದೆವು. ಬಗ್ಗಿತು.

ಅತ್ತೆಯ ಅಪ್ಪ ಗಾಡಿಗೆ ಕಮಾನು ಕಟ್ಟುತ್ತಿದ್ದರಂತೆ,
ಹಸಿ ಬಿದಿರು ಸೀಳಿ, ಹೊಗೆಗೆ ಹಿಡಿದು.
ಈ ಮನೆಗೆ ಬಂದು ಹದಿನಾಲ್ಕು ವರ್ಷ.
ಇವತ್ತು ಗೊತ್ತಾಯಿತು ನನಗೆ.

ಹನ್ನೊಂದು ಕಮಾನು, ಕಬ್ಬಿಣದ ಗೂಟ ಇಪ್ಪತ್ತೆರಡು.
ಬೆನ್ನಿಗೊಂದು ಬಿದಿರ ಗಳ, ಹಳೇ ಸರ್ವಿಸ್ ವೈರಿನ ಕಟ್ಟು.
ಬಾಗಿಲಿಗೆ ಶೀಟು ಸಾಲದೆ
ಬಸ್‌ಸ್ಟ್ಯಾಂಡಿನಲ್ಲಿ ಹರಿದು ನೇತಾಡುತ್ತಿದ್ದ ಫ್ಲೆಕ್ಸು:
ಯಾರೋ ಮುಖಂಡರ ಹುಟ್ಟುಹಬ್ಬ, ಅರ್ಧ ಮೀಸೆ,
'ಶುಭಾಶ'ದವರೆಗೆ ಶುಭಾಶಯ.
ಒಳಗೆ ಹೋಗುವಾಗೆಲ್ಲ ಅವರ ಕೆನ್ನೆ ಸರಿಸಬೇಕು.

ಮೂರನೇ ರಾತ್ರಿ ಗಾಳಿ.
ಬೆಳಿಗ್ಗೆ ನೋಡಿದರೆ ಬರೀ ಪಕ್ಕೆಲುಬು;
ಶೀಟು ಬೋರಪ್ಪನವರ ಕಬ್ಬಿನ ಮೇಲೆ
ಹೊಟ್ಟೆ ಉಬ್ಬಿಸಿಕೊಂಡು ಮಲಗಿದೆ.
ಬೋರಪ್ಪನವರು ಬಾಡಿಗೆ ಕೇಳಿದರು, ನಕ್ಕರು,
ಒಂದು ತುದಿ ಹಿಡಿದು ತಾವೂ ಹೊತ್ತು ತಂದರು.
ಕಬ್ಬಿನ ಗರಿ ಕೊರೆದ ತೂತು ನಲವತ್ತಮೂರು.
ಲಿಖಿತ ಎಣಿಸಿದಳು, ನಾನು ಟೇಪು ಹಚ್ಚಿದೆ.
ಈ ಸಲ ಶೀಟಿನ ಅಂಚು ಒಂದಡಿ ಮಣ್ಣಿಗಿಳಿಸಿ
ಮೇಲೆ ಮರಳಿನ ಮೂಟೆ.
ಅವಳಪ್ಪ ನನ್ನ ಮುಖ ನೋಡಲಿಲ್ಲ.
ನಾನೂ ಎತ್ತಲಿಲ್ಲ, ಕಾಣದ ಹಾಗೆ ಹೋಗಬೇಕಾದ್ದರ
ಮಾತು.

ಈಗ ಮುಂಜಾನೆ ಒಳಗೆ ಬೇರೆ ಊರು.
ಶೀಟಿನ ಒಳಮೈಗೆ ಬೆವರು; ಹನಿ ಕೂಡಿ
ಕತ್ತಿಗೆ ಬೀಳುತ್ತದೆ. ಗೊಬ್ಬರದ ಬಿಸಿ ವಾಸನೆ.
ಮೆಣಸು ಇನ್ನೂ ಮಿಸುಕಿಲ್ಲ.
ಬದನೆ ಎದ್ದಿದೆ, ಬೀಜದ ಸಿಪ್ಪೆಯನ್ನೇ ಟೋಪಿ ಮಾಡಿಕೊಂಡು.

ನಿನ್ನೆ ಅತ್ತೆ ಬಂದರು. ತಲೆ ತಗ್ಗಿಸಿ ನುಗ್ಗಿ
ನಡುವೆ ಮಣೆ ಹಾಕಿಕೊಂಡು ಕೂತು
ಮೇಲೆ ನೋಡಿದರು, ಹಿಂದೆ ನೋಡಿದರು.
'ಹಿಂಗೇ ಕಣವ್ವ ನಾ ಬನ್ನೂರಿಂದ ಬಂದದ್ದು.
ಇಂಥದೇ ಕಮಾನು. ಒಳ್ಗೆ ನಾನು, ಒಂದ್ ಪೆಟ್ಗೆ,
ಕಾಲು ಕಟ್ಟಿದ್ ಕೋಳಿ. ದಾರೀವರ್ಗೂ
ಅದು ನನ್ ಸೀರೆ ಕೆದ್ರ್ತಿತ್ತು.'
ಸುಮ್ಮನಾದರು. ಆಮೇಲೆ ಟ್ರೇ ಒಂದನ್ನು ಪಕ್ಕಕ್ಕೆ ತಳ್ಳಿ:
'ಎತ್ತಿಲ್ಲ, ಗಾಲಿಲ್ಲ. ಇದ್ ಎಲ್ಲಿಗ್ ಹೋಯ್ತದೆ?'

ಶೀಟಿನ ಮೇಲೆ ಸಣ್ಣಗೆ ಹನಿ ಶುರುವಾಯಿತು,
ಮೊರಕ್ಕೆ ರಾಗಿ ಸುರಿದ ಹಾಗೆ.
ಬಾಗಿಲು ಎಳೆದುಕೊಂಡೆ.
ಮುಖಂಡರ ಅರ್ಧ ಮೀಸೆ ಒಳಗಾಯಿತು.
'ಬಾ ಇತ್ಲಾಗೆ' ಅಂದು ಅತ್ತೆ ಜರುಗಿದರು. ಕೂತೆ.